ಹಳೆಯ ನೌಕರಿ ವಕೀಲಿಗೆ ಆಸ್ತಿಯೋ, ಸಾಲವೋ?

ಪ್ರಶ್ನೆ: ನನಗೆ 44 ವರ್ಷ, ದಾವಣಗೆರೆ ಜಿಲ್ಲೆಯವನು. ಬಿ.ಕಾಂ. ಮುಗಿಸಿ 2005ರಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದಕ್ಕೆ ಗುಮಾಸ್ತನಾಗಿ ಸೇರಿದೆ. ಈಗ ವಸೂಲಾತಿ ವಿಭಾಗದಲ್ಲಿ ಅಧಿಕಾರಿ. ಕೋರ್ಟು, ಡಿಆರ್‌ಟಿ (ಸಾಲ ವಸೂಲಾತಿ ನ್ಯಾಯಮಂಡಳಿ) ಓಡಾಟ ರೂಢಿಯಾಗಿದೆ. ಎಲ್‌ಎಲ್‌ಬಿ ಓದಿ ವಕೀಲನಾಗುವ ಆಸೆ. ವಯಸ್ಸು ಅಡ್ಡಿ ಬರುತ್ತದೆಯೆ? ಕೆಲಸದಲ್ಲಿದ್ದುಕೊಂಡೇ ಓದಬಹುದೆ? ತಂದೆ ಬಿಟ್ಟುಹೋದ ಗೊಬ್ಬರದ ಅಂಗಡಿಯಲ್ಲಿ ನನ್ನದೂ ಪಾಲಿದೆ, ಅದನ್ನು ಬಿಡಬೇಕೆ? ಹತ್ತು ವರ್ಷದ ಹಿಂದೆ ಇಲಾಖಾ ವಿಚಾರಣೆಯಾಗಿ ಒಂದು ಇನ್‌ಕ್ರಿಮೆಂಟ್ ತಡೆಹಿಡಿದಿದ್ದರು, ಅದು ತೊಂದರೆ ಕೊಡುತ್ತದೆಯೆ? ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ವರ್ಷದ ಬ್ಯಾಂಕ್ ಅನುಭವಕ್ಕೆ ವಕೀಲಿಯಲ್ಲಿ ಬೆಲೆ ಇದೆಯೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕಾಯ್ದೆಯ ಲೆಕ್ಕದಲ್ಲಿ ನಿಮ್ಮ 20 ವರ್ಷದ ಬ್ಯಾಂಕ್ ಸೇವೆ ವಕೀಲಿಯ ಒಂದು ದಿನಕ್ಕೂ ಸಮವಲ್ಲ. ನೋಟರಿ ಆಗಲು ಸಾಮಾನ್ಯ ವರ್ಗದವರಿಗೆ 10 ವರ್ಷದ ವಕೀಲಿ ಬೇಕು (ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 7). ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ಗೆ 3 ವರ್ಷ ಬೇಕು. ಇವೆಲ್ಲ ಎಣಿಕೆಯಾಗುವುದು ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾದ ದಿನದಿಂದ. ಸಾಲ ವಸೂಲಾತಿ ಕಾಯ್ದೆಯ ಪ್ರಕಾರ ಬ್ಯಾಂಕು ತನ್ನ ಅಧಿಕಾರಿಯನ್ನೇ ಡಿಆರ್‌ಟಿಯಲ್ಲಿ ಪ್ರಸೆಂಟಿಂಗ್ ಆಫೀಸರ್ (ಪ್ರಕರಣ ಮಂಡಿಸುವ ಅಧಿಕಾರಿ) ಆಗಿ ನಿಲ್ಲಿಸಬಹುದು. ನೀವು ಹಾಗೆ ನಿಂತಿರಲೂಬಹುದು. ಆದರೂ ಅದು ಬ್ಯಾಂಕಿನ ನೌಕರಿಯೇ ಹೊರತು ವಕೀಲಿಯಲ್ಲ.

ಇನ್ನೊಂದು ಮಾತು ಹಲವರಿಗೆ ಗೊತ್ತಿರುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36ರಂತೆ ನಿಮ್ಮ ನಾಮಫಲಕದಲ್ಲಾಗಲಿ ಲೆಟರ್‌ಹೆಡ್‌ನಲ್ಲಾಗಲಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆಯ ಜೊತೆ ಸಂಬಂಧವಿತ್ತೆಂದು ತೋರಿಸುವಂತಿಲ್ಲ, ಇಂಥ ಕೆಲಸದಲ್ಲಿ ಪರಿಣತನೆಂದೂ ಬರೆಯುವಂತಿಲ್ಲ. ನಿವೃತ್ತ ನ್ಯಾಯಾಧೀಶರು ಕೂಡ ಹಿಂದಿನ ಹುದ್ದೆಯನ್ನು ಬೋರ್ಡಿನ ಮೇಲೆ ಹಾಕುವಂತಿಲ್ಲ. ‘ಮಾಜಿ ಬ್ಯಾಂಕ್ ಅಧಿಕಾರಿ, ಸಾಲ ವಸೂಲಾತಿ ತಜ್ಞ’ ಎಂದು ಕಾರ್ಡು ಹೊಡೆಸಿದರೆ ಮೊದಲ ದಿನವೇ ದೂರಿಗೆ ದಾರಿ. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ಕ್ಷೇತ್ರದಲ್ಲಿ ವಕೀಲಿ ಎಂಬಷ್ಟನ್ನು ಹಾಕಲು ಅವಕಾಶವಿದೆ. ಆ ಪಟ್ಟಿಯಲ್ಲೂ ಹಳೆಯ ಹುದ್ದೆಗೆ ಜಾಗವಿಲ್ಲ.

ಹಾಗಾದರೆ ಬೆಲೆ ಎಲ್ಲಿ? ಕಾಗದ ಓದುವುದರಲ್ಲಿ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ದಾರಿಯಲ್ಲಿರುವ ಗೇಟುಗಳನ್ನು ದಾಟಬೇಕು.

ವಯಸ್ಸಿನ ಅಡ್ಡಿ ಇಲ್ಲ. 45 ದಾಟಿದವರು ವಕೀಲರಾಗಿ ನೋಂದಣಿ ಮಾಡಿಸುವಂತಿಲ್ಲ ಎಂದು 1993ರಲ್ಲಿ ಪರಿಷತ್ತು ನಿಯಮ ತಂದಿತ್ತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಕಾಲೇಜು ಸೇರಲು ಮೂರು ವರ್ಷದ ಕೋರ್ಸಿಗೆ 30ರ ಮಿತಿಯನ್ನು 2016ರಲ್ಲಿ ಮತ್ತೆ ತಂದಾಗ 2017ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಿಮ್ಮ ವಯಸ್ಸಿನವರು, ನಿಮಗಿಂತ ದೊಡ್ಡವರು ಇವತ್ತು ಕಾನೂನು ಕಾಲೇಜುಗಳ ಬೆಂಚಿನಲ್ಲಿ ಧಾರಾಳವಾಗಿದ್ದಾರೆ. ಬಿ.ಕಾಂ.ನಲ್ಲಿ ಶೇ 45 ಅಂಕ ಬೇಕು, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಮೂಲ ಶಿಕ್ಷಣವಿಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪಡೆದ ಪದವಿ ನಡೆಯುವುದಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಸಾಲಾಗಿ ಮುಗಿಸಿದ ನಿಮಗೆ ಆ ಪ್ರಶ್ನೆ ಇಲ್ಲ.

ವಯಸ್ಸು ಒಂದು ಬಾಗಿಲನ್ನು ಮಾತ್ರ ಮುಚ್ಚಿದೆ, ನ್ಯಾಯಾಧೀಶರ ನೇಮಕಾತಿಯನ್ನು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು 3 ವರ್ಷದ ವಕೀಲಿ ಕಡ್ಡಾಯ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಆ 3 ವರ್ಷ ತುಂಬುವ ಹೊತ್ತಿಗೆ ಆ ಪರೀಕ್ಷೆಯ ವಯೋಮಿತಿ ಎಂದೋ ಹಿಂದೆ ಉಳಿದಿರುತ್ತದೆ. ಆ ಆಸೆ ಇದ್ದರೆ ಬಿಡಿ.

ಕೆಲಸದಲ್ಲಿದ್ದು ಓದುವ ಪ್ರಶ್ನೆಗೆ ಭಾವನೆಗಿಂತ ಗಣಿತ ಉತ್ತರ ಕೊಡುತ್ತದೆ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಯ ಪ್ರತಿ ಸೆಮಿಸ್ಟರಿಗೆ ಕನಿಷ್ಠ 15 ವಾರ, ವಾರಕ್ಕೆ 30 ಗಂಟೆ ತರಗತಿ, ಅದರಲ್ಲಿ ಪಾಠವೇ 24 ಗಂಟೆ. ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಹಾಜರಾತಿ ಪ್ರತಿ ವಿಷಯದಲ್ಲೂ ಶೇ 70. ಪಾಠದ 24 ಗಂಟೆಗೇ ಲೆಕ್ಕ ಹಾಕಿದರೂ ವಾರಕ್ಕೆ ಹತ್ತಿರ ಹತ್ತಿರ 17 ಗಂಟೆಯಾಯಿತು. ಬೆಳಿಗ್ಗೆ 8ರಿಂದ 10ರವರೆಗೆ ಆರು ದಿನ ಕೂತು ಬ್ಯಾಂಕಿಗೆ ಓಡಿದರೆ ಸಿಗುವುದು 12 ಗಂಟೆ. ಅದೂ ಬೆಳಗಿನ ಹೊತ್ತಿನ ವಿಷಯಗಳಿಗೆ ಮಾತ್ರ. ಮಧ್ಯಾಹ್ನದ ವಿಷಯದಲ್ಲಿ ಹಾಜರಾತಿ ಸೊನ್ನೆ. ಮೇಲೆ 12 ವಾರದ ಇಂಟರ್ನ್‌ಶಿಪ್ ಬೇರೆ. ಒಂದು ವರ್ಷದಲ್ಲಿ ಸತತ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ, ಹಾಗಾಗಿ ಮೂರೂ ವರ್ಷ ನಾಲ್ಕು ನಾಲ್ಕು ವಾರ ರಜೆ ಹುಡುಕಬೇಕು.

‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಕಾಲೇಜು ಸಿಗಬಹುದು. ಅಂಥಲ್ಲಿಗೆ ಹೋಗಬೇಡಿ. ವಿದ್ಯಾರ್ಥಿಗಳು ನೌಕರಿಯಲ್ಲಿದ್ದರೆ ಘೋಷಿಸಬೇಕು, ಮಾಲೀಕರ ನಿರಾಕ್ಷೇಪಣಾ ಪತ್ರ ಕೊಡಬೇಕು, ಬಯೋಮೆಟ್ರಿಕ್ ಹಾಜರಾತಿ ಇಡಬೇಕು ಎಂದು ಪರಿಷತ್ತು 2024ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಬ್ಯಾಂಕಿನ ಹಾಜರಿ ಪುಸ್ತಕವೂ ಕಾಲೇಜಿನ ಹಾಜರಿ ಪುಸ್ತಕವೂ ಒಂದೇ ದಿನ ಒಂದೇ ಗಂಟೆಗೆ ನಿಮ್ಮನ್ನು ಎರಡು ಕಡೆ ತೋರಿಸಿದರೆ ಮುಂದೆ ನಿಮ್ಮ ಎದುರು ಪಕ್ಷಕಾರ ಅದನ್ನು ಹೊರಗೆಳೆಯಬಹುದು. ತಪ್ಪು ಮಾಹಿತಿಯಿಂದ ಪಡೆದ ನೋಂದಣಿಯನ್ನು ಎಷ್ಟು ವರ್ಷದ ಮೇಲಾದರೂ ತೆಗೆದುಹಾಕಲು ವಕೀಲರ ಕಾಯ್ದೆಯ ಕಲಂ 26ರಲ್ಲಿ ಅಧಿಕಾರವಿದೆ.

ಹಾಗಾಗಿ ನಿಮ್ಮ ಮಟ್ಟಿಗೆ ನೇರವಾದ ದಾರಿ ಮೊದಲು ನಿವೃತ್ತಿ, ಆಮೇಲೆ ಓದು. ಇಲ್ಲಿ ಒಂದು ಶಬ್ದ ತಪ್ಪಿದರೆ ಲಕ್ಷಾಂತರ ರೂಪಾಯಿ ಹೋಗುತ್ತದೆ. ಯಾವ ಕಾರಣಕ್ಕೂ ‘ರಾಜೀನಾಮೆ’ ಎಂದು ಬರೆಯಬೇಡಿ. ರಾಷ್ಟ್ರೀಕೃತ ಬ್ಯಾಂಕುಗಳ 1995ರ ಪಿಂಚಣಿ ವಿನಿಯಮಗಳಲ್ಲಿ 22ನೆಯದು ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯನ್ನೇ ಮುಟ್ಟುಗೋಲು ಹಾಕುತ್ತದೆ, ಪಿಂಚಣಿ ಪೂರ್ತಿ ಹೋಗುತ್ತದೆ. 29ನೆಯದು ಸ್ವಯಂ ನಿವೃತ್ತಿ: 20 ವರ್ಷದ ಅರ್ಹ ಸೇವೆ ಮುಗಿದಿರಬೇಕು, 3 ತಿಂಗಳ ಲಿಖಿತ ನೋಟೀಸು ಕೊಡಬೇಕು. ನೀವು 2010ರ ಏಪ್ರಿಲ್‌ಗೆ ಮೊದಲೇ ಸೇರಿದವರಾದ್ದರಿಂದ ಹಳೆಯ ಪಿಂಚಣಿಯ ವ್ಯಾಪ್ತಿಯಲ್ಲಿದ್ದೀರಿ. ಗುಮಾಸ್ತಿಕೆಯ ವರ್ಷಗಳೂ ಸೇರುತ್ತವೆ. ಸಂಬಳವಿಲ್ಲದ ರಜೆಯ ದಿನಗಳು ಸಾಮಾನ್ಯವಾಗಿ ಅರ್ಹ ಸೇವೆಗೆ ಸೇರುವುದಿಲ್ಲ. ಅಂಥ ರಜೆ ಹಾಕಿದ್ದರೆ ಆ ದಿನಗಳನ್ನು ಕಳೆದು 20 ವರ್ಷ ತುಂಬಿದೆಯೇ ಎಂದು ಸೇವಾ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಅರ್ಜಿಯಲ್ಲಿ ವಿನಿಯಮದ ಸಂಖ್ಯೆಯನ್ನೇ ಬರೆಯಿರಿ. ‘ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ’ ಎಂಬ ಒಂದು ಸಾಲನ್ನು ಬ್ಯಾಂಕು ರಾಜೀನಾಮೆ ಎಂದು ಓದಿದ್ದರಿಂದ, ಆ ಒಂದು ಪದಕ್ಕಾಗಿ ವರ್ಷಗಟ್ಟಲೆ ಹೈಕೋರ್ಟ್ ಅಲೆದವರಿದ್ದಾರೆ.

ಮೂರು ವರ್ಷ ಸಂಬಳ ಬಿಟ್ಟು ಪಿಂಚಣಿಯಲ್ಲಿ ಬದುಕಲಾಗದು ಎಂದಾದರೆ ಎರಡನೆಯ ದಾರಿ ರಜೆ, ಅನುಮತಿ, ಕಾಲೇಜಿನ ವೇಳಾಪಟ್ಟಿ ಮೂರನ್ನೂ ಹೊಂದಿಸುವುದು. ಕಾಲೇಜಿನ ಪಕ್ಕದ ಶಾಖೆಗೆ ವರ್ಗ ಸಿಕ್ಕಿತೆಂದರೆ ಹಾಜರಾತಿ ಸಿಕ್ಕಂತಲ್ಲ, ಮೇಲಿನ 17 ಗಂಟೆ ಅಲ್ಲೂ ಬದಲಾಗುವುದಿಲ್ಲ.

ಪದವಿ ಕೈಗೆ ಬಂದ ಮೇಲೆ ನೌಕರಿಯಲ್ಲಿದ್ದುಕೊಂಡು ವಕೀಲಿ ಮಾಡುವ ಪ್ರಶ್ನೆಯೇ ಇಲ್ಲ. ವಕೀಲರ ಪರಿಷತ್ತಿನ ನಿಯಮ 49 ಪೂರ್ಣಾವಧಿ ಸಂಬಳದ ನೌಕರಿಯನ್ನು ನಿಷೇಧಿಸುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಮುಂಬೈನ ಡಾ. ಹನಿರಾಜ್ ಚುಲಾನಿ ಪ್ರಕರಣ. ಅವರು ಶಸ್ತ್ರವೈದ್ಯರು, ಕಾನೂನು ಪದವಿಯನ್ನೂ ಪಡೆದು, ಎರಡನ್ನೂ ಒಟ್ಟಿಗೆ ನಡೆಸುತ್ತೇನೆಂದು ನೋಂದಣಿ ಕೇಳಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಇದ್ದ ವೃತ್ತಿಯನ್ನು ಬಿಟ್ಟು ಬಂದರೆ ಸ್ವಾಗತ, ಜೊತೆಗೆ ಇಟ್ಟುಕೊಂಡು ಬರುವಂತಿಲ್ಲ ಎಂಬುದು ಅದರ ಸಾರ. 2001ರಲ್ಲಿ ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ನೋಂದಣಿ ರದ್ದಾದದ್ದನ್ನೂ ಅದೇ ಕೋರ್ಟು ಎತ್ತಿಹಿಡಿಯಿತು. ಮಂಡಳಿಯ ಪರವಾಗಿ ಕೋರ್ಟಿನಲ್ಲಿ ನಿಲ್ಲುತ್ತಿದ್ದರು, ನಿಜ, ಆದರೆ ಸಂಬಳದವರಾಗಿದ್ದರು. ಪಿಂಚಣಿ ಸಂಬಳವಲ್ಲ, ಅದಕ್ಕೆ ಅಡ್ಡಿಯಿಲ್ಲ.

ಅಂಗಡಿಯ ವಿಷಯ. ಸ್ವತಃ ವ್ಯಾಪಾರ ಮಾಡುವಂತಿಲ್ಲ ಎನ್ನುತ್ತದೆ ನಿಯಮ 47. ಪಿತ್ರಾರ್ಜಿತವಾಗಿ ಬಂದ ಕುಟುಂಬದ ವ್ಯಾಪಾರದಲ್ಲಿ ಪಾಲು ಉಳಿಸಿಕೊಳ್ಳಬಹುದು, ಆಡಳಿತದಲ್ಲಿ ಕೈಹಾಕುವಂತಿಲ್ಲ ಎನ್ನುತ್ತದೆ ನಿಯಮ 50. ಆದ್ದರಿಂದ ಪಾಲು ಬಿಡಬೇಕಿಲ್ಲ, ಕುರ್ಚಿ ಬಿಡಬೇಕು. ನೋಂದಣಿಗೆ ಮೊದಲು ಪಾಲುದಾರಿಕೆ ಪತ್ರದಲ್ಲಿ ನೀವು ನಿಷ್ಕ್ರಿಯ ಪಾಲುದಾರರೆಂದು ಬರೆಸಿ, ಜಿಎಸ್‌ಟಿ ನೋಂದಣಿಯ ಅಧಿಕೃತ ಸಹಿದಾರರ ಜಾಗದಿಂದ ಹೆಸರು ತೆಗೆಸಿ, ಅಂಗಡಿಯ ಖಾತೆಯ ಚೆಕ್ಕಿಗೆ ನಿಮ್ಮ ಸಹಿ ನಿಲ್ಲಿಸಿ, ಗೊಬ್ಬರ ಮಾರಾಟದ ಪರವಾನಗಿ ನಿಮ್ಮ ಹೆಸರಿನಲ್ಲಿದ್ದರೆ ಬದಲಿಸಿ. ಪಾಲುದಾರಿಕೆ ಪತ್ರ ತಿದ್ದಿ ಜಿಎಸ್‌ಟಿ ಮರೆಯುವುದೇ ಇಲ್ಲಿ ಸಾಮಾನ್ಯ ತಪ್ಪು. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬಂದ ದಿನ ಆ ಒಂದು ಪುಟ ಪರಿಷತ್ತಿಗೆ ದೂರಾಗಿ ಹೋಗುತ್ತದೆ. ಕೈಯಲ್ಲಿ ವಿಮಾ ಏಜೆನ್ಸಿ ಇದ್ದರೆ ಅದನ್ನೂ ಬಿಟ್ಟುಬಿಡಿ.

ಇನ್‌ಕ್ರಿಮೆಂಟ್ ತಡೆ ನೋಂದಣಿಗೆ ಅಡ್ಡಿಯಲ್ಲ. ವಕೀಲರ ಕಾಯ್ದೆಯ ಕಲಂ 24ಎ ಹೇಳುವುದು ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರ ಬಗ್ಗೆ, ಅಂಥ ಆರೋಪದ ಮೇಲೆ ಸರ್ಕಾರಿ ನೌಕರಿಯಿಂದ ವಜಾ ಆದವರ ಬಗ್ಗೆ. ಅವರಿಗೂ ಬಿಡುಗಡೆ ಅಥವಾ ವಜಾ ಆಗಿ 2 ವರ್ಷ ಕಳೆದರೆ ಆ ಕಲಮಿನ ಅನರ್ಹತೆ ಮುಗಿಯುತ್ತದೆ. ಆದರೆ ಅರ್ಜಿಯಲ್ಲಿ ಇಲಾಖಾ ವಿಚಾರಣೆಯ ಬಗ್ಗೆ ಕೇಳಿದ್ದರೆ ‘ಇಲ್ಲ’ ಎಂದು ಬರೆಯಬೇಡಿ. ಶಿಕ್ಷೆ ತೊಂದರೆ ಕೊಡದು, ಮುಚ್ಚಿಟ್ಟದ್ದು ಕೊಡುತ್ತದೆ. ಆದೇಶದ ಪ್ರತಿಯನ್ನು ಜೊತೆಗಿಡಿ.

ಇದನ್ನು ಓದುತ್ತಿರುವ ತಹಶೀಲ್ದಾರರು, ಸಹಾಯಕ ಆಯುಕ್ತರಿಗೆ ಒಂದು ಮಾತು. ನಿಮಗೆ ಇನ್ನೊಂದು ನಿಯಮ ಹೆಚ್ಚಿಗೆ ಇದೆ. ನಿವೃತ್ತಿಗೆ ಹಿಂದಿನ 3 ವರ್ಷ ಎಲ್ಲಿ ಅಧಿಕಾರ ವ್ಯಾಪ್ತಿ ಹೊಂದಿದ್ದಿರೋ ಆ ಪ್ರದೇಶದಲ್ಲಿ 2 ವರ್ಷ ವಕೀಲಿ ಮಾಡುವಂತಿಲ್ಲ. ಬ್ಯಾಂಕಿನವರಿಗೆ ಅಂಥ ಅಧಿಕಾರ ವ್ಯಾಪ್ತಿ ಇರದ ಕಾರಣ ಅದು ತಾಗುವುದಿಲ್ಲ.

ನೋಂದಣಿ ಶುಲ್ಕದ ಬಗ್ಗೆ ಹಳೆಯ ಲೆಕ್ಕ ಹೇಳುವವರನ್ನು ನಂಬಬೇಡಿ. ಕಾಯ್ದೆಯಲ್ಲಿರುವುದು ರಾಜ್ಯ ಪರಿಷತ್ತಿಗೆ 600, ಭಾರತೀಯ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟರಿಗೆ 125. ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ‘ಐಚ್ಛಿಕ’ ಎಂಬ ಹೆಸರಿನಲ್ಲೂ ಕೂಡದು ಎಂದು 2025ರ ಆಗಸ್ಟ್‌ನಲ್ಲಿ ಮತ್ತೆ ಹೇಳಿತು. ಅರ್ಜಿಗೆ ಎಸ್‌ಎಸ್‌ಎಲ್‌ಸಿಯಿಂದ ಎಲ್‌ಎಲ್‌ಬಿವರೆಗಿನ ಅಂಕಪಟ್ಟಿಗಳ ಜೊತೆ ನಿಮ್ಮಂಥವರಿಗೆ ಬೇಕಾದ ವಿಶೇಷ ಕಾಗದ ಒಂದೇ, ಬ್ಯಾಂಕಿನ ಬಿಡುಗಡೆ ಆದೇಶ. ಸ್ವಯಂ ನಿವೃತ್ತಿ ಅಂಗೀಕಾರ ಪತ್ರ ಬೇರೆ, ಬಿಡುಗಡೆ ಆದೇಶ ಬೇರೆ. ಎರಡನೆಯದು ಇಲ್ಲದೆ ಹೋದರೆ ನೀವಿನ್ನೂ ನೌಕರರೇ. ಎಲ್ಲ ಅಂಕಪಟ್ಟಿಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ಎಂದೂ ಈಗಲೇ ನೋಡಿ. ಅರ್ಜಿ ನಿಂತುಹೋಗುವುದು ಹೆಚ್ಚಾಗಿ ಇಂಥ ಸಣ್ಣದರಲ್ಲೇ.

ವಕೀಲಿ ನಡೆಸಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯ ಬಗ್ಗೆ ಹೆದರಬೇಕಿಲ್ಲ. 100 ಬಹು ಆಯ್ಕೆಯ ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ, ಟಿಪ್ಪಣಿ ಇಲ್ಲದ ಮೂಲ ಕಾಯ್ದೆಗಳನ್ನು ಒಳಗೆ ಒಯ್ಯಬಹುದು, ಕನ್ನಡದಲ್ಲೂ ಬರೆಯಬಹುದು. ತೇರ್ಗಡೆಗೆ ಶೇ 45, ಪರಿಶಿಷ್ಟರಿಗೆ 40. ಕೊನೆಯ ಸೆಮಿಸ್ಟರಿನವರೂ ಕೂರಬಹುದೆಂದು 2023ರ ಸಂವಿಧಾನ ಪೀಠದ ತೀರ್ಪಿನ ನಂತರ ದಾರಿಯಾಗಿದೆ. ಹಳೆಯ ದಂಡ ಸಂಹಿತೆಯ ಪುಸ್ತಕ ಹಿಡಿದು ಹೋಗಬೇಡಿ, 2024ರ ಜುಲೈ 1ರಿಂದ ಜಾರಿಗೆ ಬಂದ ಮೂರು ಹೊಸ ಸಂಹಿತೆಗಳು ಬೇಕು.

ಈಗ ಅನುಭವದ ವಿಷಯಕ್ಕೆ ಬರೋಣ. ಸಾಲಗಾರ ವಕೀಲರ ಕಚೇರಿಗೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ಸುರಿಯುತ್ತಾನೆ. ಹೊಸ ವಕೀಲ ಅದರಲ್ಲಿ ನೋಟೀಸು ಹುಡುಕುತ್ತಾನೆ. ನಿಮ್ಮ ಕಣ್ಣು ಹೋಗಬೇಕಾದದ್ದು ಖಾತೆಯ ಸ್ಟೇಟ್‌ಮೆಂಟಿಗೆ. ಸುಸ್ತಿ 90 ದಿನ ದಾಟಿದ ಮೇಲೆಯೇ ಖಾತೆಯನ್ನು ಎನ್‌ಪಿಎ (ಮರುಪಾವತಿ ನಿಂತ ಸಾಲ) ಎಂದು ವರ್ಗೀಕರಿಸಿದ್ದಾರೆಯೇ, ನಡುವೆ ಬಂದ ಕಂತನ್ನು ಅಸಲಿಗೆ ಹಾಕಿದ್ದಾರೋ ಇತರೆ ಖರ್ಚಿಗೋ, ದಂಡಬಡ್ಡಿಯನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕಿದ್ದಾರೆಯೇ? ದಂಡಬಡ್ಡಿಯ ಬದಲು ದಂಡಶುಲ್ಕ ಮಾತ್ರ, ಅದರ ಮೇಲೆ ಬಡ್ಡಿ ಕೂಡದು ಎಂಬ ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ಟೇಟ್‌ಮೆಂಟಿನ ಸಾಲುಗಳ ಸಂಕ್ಷಿಪ್ತ ಹೆಸರುಗಳನ್ನು ಬಿಡಿಸಿ ಓದಲು ಹೊರಗಿನ ವಕೀಲರಿಗೆ ವಾರ ಹಿಡಿಯುತ್ತದೆ. ನಿಮಗೆ ಅರ್ಧ ಗಂಟೆ ಸಾಕು.

ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಲ್ಲೂ ಹೀಗೆಯೇ. ಕಲಂ 13(2)ರ ನೋಟೀಸಿಗೆ 60 ದಿನ, ಸಾಲಗಾರನ ಆಕ್ಷೇಪಣೆಗೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು, ಸ್ವಾಧೀನದ ನೋಟೀಸು 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು. ಡಿಆರ್‌ಟಿಗೆ ಹೋಗಲು ಸಾಲಗಾರನಿಗೆ 45 ದಿನ. ಕೃಷಿ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲ, ಬಾಕಿ ಅಸಲು-ಬಡ್ಡಿಯ ಶೇ 20ಕ್ಕಿಂತ ಕಡಿಮೆಯಿದ್ದರೂ ತಾಗುವುದಿಲ್ಲ. ಇಷ್ಟು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇಲ್ಲದ್ದು, ಈ ಸರಪಳಿಯ ಯಾವ ಕೊಂಡಿ ಶಾಖೆಗಳಲ್ಲಿ ಹೆಚ್ಚು ಸಡಿಲ ಎಂಬುದು. ಆಕ್ಷೇಪಣೆಗೆ ಉತ್ತರ ಹೋಗಿಲ್ಲದಿರುವುದು, ಹೋಗಿದ್ದರೂ ಅಂಚೆಯ ಸ್ವೀಕೃತಿ ಕಡತದಲ್ಲಿ ಇಲ್ಲದಿರುವುದು ನಿಮಗೆ ಗೊತ್ತಿರುವ ಸಂಗತಿ.

ಕಾಲಮಿತಿಯ ಪ್ರಶ್ನೆಯಲ್ಲಿ ನಿಮ್ಮ ಅನುಭವ ಇನ್ನೂ ತೂಕದ್ದು. ಅಡಮಾನವಿಲ್ಲದ ಸಾಲಕ್ಕೆ 3 ವರ್ಷ, ಅಡಮಾನದ ಹಣಕ್ಕೆ 12. ಅವಧಿ ಮುಗಿಯುವ ಮುನ್ನ ಸಾಲಗಾರ ಸಹಿ ಮಾಡಿದ ಬಾಕಿ ಒಪ್ಪಿಗೆ ಪತ್ರವಿದ್ದರೆ ಹೊಸದಾಗಿ ಎಣಿಕೆ. ಸಾಲ ಕೊಡುವ ದಿನವೇ ಖಾಲಿ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿಸಿಕೊಂಡು, ಮೂರು ವರ್ಷಕ್ಕೊಮ್ಮೆ ದಿನಾಂಕ ತುಂಬುವ ಅಭ್ಯಾಸ ಎಂಥದೆಂದು ವಸೂಲಾತಿ ವಿಭಾಗದವರಿಗೆ ವಿವರಿಸಬೇಕಿಲ್ಲ. ಸಹಿಯ ಶಾಯಿ ಒಂದು, ದಿನಾಂಕದ ಶಾಯಿ ಇನ್ನೊಂದು. ಫಾರಂನ ಅಂಚಿನಲ್ಲಿ ಮುದ್ರಣದ ತಿಂಗಳು-ವರ್ಷ ಇದ್ದರೆ ಅದು ಮೇಲಿನ ದಿನಾಂಕಕ್ಕಿಂತ ಬಹಳ ಹಿಂದಿನದಾಗಿರಬಹುದು. ಪಾಟೀಸವಾಲಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಚೆಕ್ ಅಮಾನ್ಯ ಪ್ರಕರಣ ಬ್ಯಾಂಕಿನವರಿಗೆ ನೀರು ಕುಡಿದಷ್ಟು ಸುಲಭ ಎನಿಸುತ್ತದೆ, ಅಲ್ಲೇ ಜಾರುತ್ತಾರೆ. ಚೆಕ್ ಮರಳಿಸಿದ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟೀಸು, ತಲುಪಿದ ಮೇಲೆ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ದೂರು. ಒಂದು ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು, 30 ದಿನವಲ್ಲ. ನೋಟೀಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಬೇಕು. ಬ್ಯಾಂಕಿನ ಅಭ್ಯಾಸದಲ್ಲಿ ‘ಇಂದಿನವರೆಗಿನ ಒಟ್ಟು ಬಾಕಿ’ ಎಂದು ಒಂದೇ ಮೊತ್ತ ಬರೆದರೆ ನೋಟೀಸೇ ಬಿದ್ದುಹೋಗುತ್ತದೆ.

ಈ ಮಾತು ಬ್ಯಾಂಕಿಗಷ್ಟೇ ಸೀಮಿತವಲ್ಲ. ಸರ್ವೆ ಇಲಾಖೆಯಲ್ಲಿದ್ದವರು ಟಿಪ್ಪಣಿ, ಆಕಾರಬಂದ್, 11ಇ ನಕ್ಷೆ ಎಂಬ ಜಮೀನು ಅಳತೆಯ ದಾಖಲೆ ಮೂರನ್ನೂ ಮೇಜಿನ ಮೇಲೆ ಹರಡಿ ಪೋಡಿ (ಜಮೀನಿನ ವಿಭಜನೆ) ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಸಾಫ್ಟ್‌ವೇರ್‌ನಿಂದ ಬಂದವರಿಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಕೇಳುವ ಹ್ಯಾಶ್ ಮೌಲ್ಯ (ಡಿಜಿಟಲ್ ಕಡತದ ಗುರುತು ಸಂಖ್ಯೆ) ಏನೆಂದು ಗೊತ್ತಿರುತ್ತದೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇದ್ದವರು ಮಾತ್ರ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕೂರಬಹುದು, ಕಾನೂನು ಪದವಿ ಒಂದೇ ಇದ್ದರೆ ಆ ಬಾಗಿಲು ತೆರೆಯುವುದಿಲ್ಲ. ಹಳೆಯ ಓದಿಗೆ ಕಾಯ್ದೆಯೇ ಬೆಲೆ ಕಟ್ಟಿರುವ ಅಪರೂಪದ ಜಾಗ ಅದು.

ಇನ್ನು ಹಳೆಯ ನೌಕರಿ ತರುವ ತೊಂದರೆಗಳು. ಮೊದಲನೆಯದು ಬರವಣಿಗೆ. ಆಫೀಸ್ ನೋಟ್ ಬರೆದ ಕೈ ವಾದಪತ್ರವನ್ನೂ ಹಾಗೆಯೇ ಬರೆಯುತ್ತದೆ: ಹಿನ್ನೆಲೆ, ಪತ್ರ ವ್ಯವಹಾರದ ಪಟ್ಟಿ, ಸುತ್ತೋಲೆಯ ಉಲ್ಲೇಖ, ಕೊನೆಗೆ ‘ಸಲ್ಲಿಸಲಾಗಿದೆ’. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 2 ಕೇಳುವುದು ಮುಖ್ಯ ಸಂಗತಿಗಳನ್ನು, ಅವುಗಳ ಸಾಕ್ಷ್ಯವನ್ನಲ್ಲ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಎದುರು ವಕೀಲರಿಗೆ ಪಾಟೀಸವಾಲಿನ ತಯಾರಿ ನೀವೇ ಮಾಡಿಕೊಟ್ಟಂತೆ.

ಎರಡನೆಯದು ಡಿಆರ್‌ಟಿಯ ರೂಢಿ. 20 ಲಕ್ಷ ಮತ್ತು ಮೇಲಿನ ಸಾಲ ಅಲ್ಲಿಗೆ ಹೋಗುತ್ತದೆ. ಅದರ ಕೆಳಗಿನ, ವಾಣಿಜ್ಯ ವ್ಯವಹಾರದ 3 ಲಕ್ಷ ಮತ್ತು ಮೇಲಿನ ದಾವೆಗಳು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ತುರ್ತು ಪರಿಹಾರ ಕೇಳದ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ, ಇಲ್ಲದಿದ್ದರೆ ವಾದಪತ್ರವೇ ತಿರಸ್ಕೃತ. ಪ್ರತಿವಾದಿಯ ಲಿಖಿತ ಹೇಳಿಕೆಗೆ 120 ದಿನವೇ ಕೊನೆ, ಒಂದು ದಿನವೂ ಮೇಲಿಲ್ಲ. ನ್ಯಾಯಮಂಡಳಿಯ ಸಡಿಲಿಕೆಗೆ ಒಗ್ಗಿದವರು ಇಲ್ಲಿ ಕಕ್ಷಿದಾರನ ಹಕ್ಕನ್ನೇ ಕಳೆದುಬಿಡುತ್ತಾರೆ.

ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. 47ರ ವಯಸ್ಸಿನಲ್ಲಿ 35ರ ಸೀನಿಯರ್ ಕೈಕೆಳಗೆ ನಕಲು ಅರ್ಜಿ ಹಾಕುವುದು, ಸಮನ್ಸ್ ಕಳಿಸಲು ಪ್ರೋಸೆಸ್ ಮೆಮೊ ಕಟ್ಟುವುದು, ವಾಯಿದೆ ಕೇಳಿ ಡೈರಿಗೆ ಬರೆಯುವುದು. ಬ್ಯಾಂಕಿನಲ್ಲಿ ಇದನ್ನು ನಿಮಗಾಗಿ ಬೇರೆಯವರು ಮಾಡುತ್ತಿದ್ದರು. ಇದನ್ನು ದಾಟಿಹೋಗಲು ನೇರವಾಗಿ ಸ್ವಂತ ಕಚೇರಿ ತೆರೆಯುವವರಿದ್ದಾರೆ. ಕಾನೂನು ಗೊತ್ತಿದ್ದೂ ಕೋರ್ಟು ಗೊತ್ತಿಲ್ಲದೆ ಎರಡನೇ ವರ್ಷಕ್ಕೆ ಸುಸ್ತಾಗುತ್ತಾರೆ. ಕನಿಷ್ಠ ಎರಡು ವರ್ಷ ವಿಚಾರಣಾ ನ್ಯಾಯಾಲಯದ ಸೀನಿಯರ್ ಬಳಿ ಇರಿ. ವಸೂಲಾತಿಯವರ ಬಳಿ ಬೇಡ, ಸಿವಿಲ್ ದಾವೆಗಳನ್ನು ಸಾಕ್ಷ್ಯದ ಹಂತ ದಾಟಿಸುವವರ ಬಳಿ. ನಿಮಗೆ ಗೊತ್ತಿಲ್ಲದ್ದು ಅದೇ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದ್ದುಂಟು. ಅದು ಶಿಫಾರಸು ಮಾತ್ರ. ಮನೆ ಖರ್ಚನ್ನು ಪಿಂಚಣಿಯ ಮೇಲೆಯೇ ಲೆಕ್ಕ ಹಾಕಿ.

ಹಳೆಯ ಬ್ಯಾಂಕೇ ಮೊದಲ ಕಕ್ಷಿದಾರ ಎಂಬ ಕನಸಿದ್ದರೆ ಅದನ್ನೂ ಪರೀಕ್ಷಿಸಿಕೊಳ್ಳಿ. ಬ್ಯಾಂಕಿನ ವಕೀಲರ ಪ್ಯಾನಲ್ ಕೇಳುವುದು ವಕೀಲಿಯ ವರ್ಷಗಳನ್ನು. ಅಲ್ಲಿಯವರೆಗೆ ನಿಮ್ಮ ಬಳಿ ಬರುವವರು ಸಾಲಗಾರರು. ಅವರಲ್ಲಿ ಕೆಲವರ ಬಾಗಿಲನ್ನು ಒಂದು ಕಾಲಕ್ಕೆ ನೀವೇ ವಸೂಲಿಗಾಗಿ ತಟ್ಟಿದ್ದಿರಬಹುದು. ಇಲ್ಲಿ ಎರಡು ಗೆರೆಗಳಿವೆ. ನೌಕರಿಗೆ ಸೇರುವಾಗ ಸಹಿ ಮಾಡಿದ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ ನಿವೃತ್ತಿಯ ದಿನ ಹರಿದುಹೋಗುವುದಿಲ್ಲ. ಕಡತದಲ್ಲಿ ಕಂಡ ಒಳಗಿನ ಟಿಪ್ಪಣಿಯನ್ನು ಬ್ಯಾಂಕಿನ ವಿರುದ್ಧ ಬಳಸುವಂತಿಲ್ಲ. ಬ್ಯಾಂಕುಗಳು ಹೇಗೆ ಕೆಲಸ ಮಾಡುತ್ತವೆ ಎಂಬ ತಿಳಿವಳಿಕೆ ನಿಮ್ಮದು, ಆ ಖಾತೆಯಲ್ಲಿ ಏನಾಯಿತು ಎಂಬ ಮಾಹಿತಿ ಬ್ಯಾಂಕಿನದು. ಎರಡನೆಯ ಗೆರೆ ಪರಿಷತ್ತಿನ ನಿಯಮ 13: ತಾನೇ ಸಾಕ್ಷಿಯಾಗಬೇಕಾಗಬಹುದು ಎಂದು ನಂಬಲು ಕಾರಣವಿರುವ ಪ್ರಕರಣದಲ್ಲಿ ವಕೀಲ ವಕಾಲತ್ತು ಹಾಕುವಂತಿಲ್ಲ.

ಇದು ನಿಮಗೆ ಬಹಳ ಹತ್ತಿರದ ನಿಯಮ. ಸರ್ಫೇಸಿಯ ‘ಅಧಿಕೃತ ಅಧಿಕಾರಿ’ ಚೀಫ್ ಮ್ಯಾನೇಜರ್ ದರ್ಜೆಗಿಂತ ಕೆಳಗಿನವರಾಗುವಂತಿಲ್ಲ, ಆದ್ದರಿಂದ 13(2)ರ ನೋಟೀಸಿಗೆ ನಿಮ್ಮ ಸಹಿ ಇರಲಿಕ್ಕಿಲ್ಲ. ಆದರೆ ಸ್ವಾಧೀನದ ಪಂಚನಾಮೆಗೆ, ಚೆಕ್ ಪ್ರಕರಣದಲ್ಲಿ ಬ್ಯಾಂಕಿನ ಪರ ಪ್ರಮಾಣಪತ್ರಕ್ಕೆ, ಡಿಆರ್‌ಟಿ ಅರ್ಜಿಯ ದೃಢೀಕರಣಕ್ಕೆ, ಸ್ಟೇಟ್‌ಮೆಂಟಿನ ಕೆಳಗಿನ ಬ್ಯಾಂಕರ್ಸ್ ಬುಕ್ಸ್ ಪ್ರಮಾಣಪತ್ರಕ್ಕೆ (ಲೆಕ್ಕಪುಸ್ತಕದ ನಿಜ ನಕಲು ಎಂಬ ದೃಢೀಕರಣಕ್ಕೆ) ನಿಮ್ಮ ಸಹಿ ಬಿದ್ದಿರುವ ಸಾಧ್ಯತೆ ಬಹಳ. ಆ ಪ್ರಕರಣಗಳಲ್ಲಿ ಎರಡೂ ಕಡೆ ನಿಮಗೆ ಜಾಗವಿಲ್ಲ. ನಡುವಿನಲ್ಲಿ ಗೊತ್ತಾಗಿ ವಕಾಲತ್ತು ಹಿಂದೆಗೆದರೆ ಪೆಟ್ಟು ಬೀಳುವುದು ಕಕ್ಷಿದಾರನಿಗೆ.

ಆದ್ದರಿಂದ ಸ್ವಯಂ ನಿವೃತ್ತಿಯ ಅರ್ಜಿ ಹಾಕುವ ಮುನ್ನ ಒಂದು ನೋಟ್‌ಬುಕ್ ತೆಗೆದುಕೊಂಡು, ನೀವು ಸಹಿ ಮಾಡಿದ ಪ್ರಕರಣಗಳ ಸಂಖ್ಯೆ, ವರ್ಷ, ಕೋರ್ಟು, ಯಾವ ಕಾಗದಕ್ಕೆ ಸಹಿ ಎಂಬ ನಾಲ್ಕನ್ನು ಮಾತ್ರ ಬರೆದಿಡಿ. ಕಡತದ ಪ್ರತಿ ತೆಗೆಯಬೇಡಿ, ಸಾಲಗಾರನ ಖಾತೆಯ ವಿವರ ಬರೆಯಬೇಡಿ. ಪ್ರಕರಣದ ಸಂಖ್ಯೆ ಇ-ಕೋರ್ಟ್ಸ್‌ನಲ್ಲಿ ಯಾರಾದರೂ ನೋಡಬಹುದಾದದ್ದು, ಅದರಲ್ಲಿ ಗೋಪ್ಯವೇನಿಲ್ಲ. ಮುಂದೆ ಯಾರಾದರೂ ಆ ಪ್ಲಾಸ್ಟಿಕ್ ಚೀಲ ಹಿಡಿದು ಬಂದಾಗ, ಶುಲ್ಕದ ಮಾತಾಡುವ ಮೊದಲು ಪ್ರಕರಣದ ಸಂಖ್ಯೆ ಕೇಳಿ, ನೋಟ್‌ಬುಕ್ ತೆರೆದು ನೋಡಿ.